ಸೇವ್ ಮಾಡಿದ ಫೈಲೇ ಮಾಯ: ಕಂಪನಿ ತಪ್ಪಿಗೆ ದಂಡ ಕಟ್ಟೋರು ಯಾರು?

ಸೇವ್ ಒತ್ತಿದ್ರೆ ಮುಗೀತು, ಫೈಲ್ ಎಲ್ಲಿಗೂ ಹೋಗಲ್ಲ ಅನ್ನೋದು ಕಂಪ್ಯೂಟರ್ ಮುಂದೆ ಕೂರುವ ಎಲ್ಲರ ನಂಬಿಕೆ. 2024ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ವರ್ಡ್‌ನ 2409 ಆವೃತ್ತಿ ಇದನ್ನೇ ಬುಡಮೇಲು ಮಾಡಿತ್ತು. ಫೈಲ್ ಹೆಸರಲ್ಲಿ ಹ್ಯಾಷ್ ಚಿಹ್ನೆ ಇದ್ದರೆ, ಅಥವಾ ಹೆಸರಿನ ಕೊನೆಯ ಡಿಓಸಿಎಕ್ಸ್, ಆರ್‌ಟಿಎಫ್ ಬಾಲ ಇಂಗ್ಲಿಷ್ ದೊಡ್ಡಕ್ಷರದಲ್ಲಿದ್ದರೆ ಕತೆ ಮುಗೀತು. ಮುಚ್ಚುವಾಗ ‘ಸೇವ್ ಮಾಡಲೇ?’ ಎಂದು ಕೇಳಿ, ಹೂಂ ಅಂದವರ ಫೈಲನ್ನೇ ಅಳಿಸುತ್ತಿತ್ತು. ಪುಣ್ಯಕ್ಕೆ ರೀಸೈಕಲ್ ಬಿನ್ ನೋಡಿದವರಿಗೆ ಅಲ್ಲಿ ಸಿಗುತ್ತಿತ್ತು.

2018ರಲ್ಲಿ ಆದದ್ದು ಇನ್ನೂ ದೊಡ್ಡದು. ಅಕ್ಟೋಬರ್ 2ರಂದು ಬಂದ ವಿಂಡೋಸ್ 10 ಅಪ್‌ಡೇಟ್, ಡಾಕ್ಯುಮೆಂಟ್ಸ್ ಫೋಲ್ಡರ್‌ನ ಜಾಗ ಬದಲಿಸಿಕೊಂಡಿದ್ದ ಕೆಲವರ ಹಳೇ ಫೋಲ್ಡರನ್ನು ಒಳಗಿನ ಫೈಲುಗಳ ಸಮೇತ ಗುಡಿಸಿಹಾಕಿತು. ನಾಲ್ಕೇ ದಿನದಲ್ಲಿ ಕಂಪನಿ ಅದನ್ನು ತಡೆಹಿಡಿಯಿತು. ದೂರು ಬಂದದ್ದು ಹತ್ತು ಸಾವಿರಕ್ಕೆ ಒಬ್ಬರಿಂದ ಅಂತ ಲೆಕ್ಕ ಕೊಟ್ಟಿತು. ಕಳಕೊಂಡ ಆ ಒಬ್ಬನಿಗೆ ಹೋಗಿದ್ದು ನೂರಕ್ಕೆ ನೂರು! ಬಿಡುಗಡೆಗೆ ಮೊದಲೇ ಪರೀಕ್ಷಕರು ಎಚ್ಚರಿಸಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಆಗ ಕಂಪನಿ ಕೊಟ್ಟ ಸಲಹೆ ಮಾತ್ರ ಇವತ್ತಿಗೂ ಸರಿ: ಆ ಕಂಪ್ಯೂಟರ್ ಬಳಕೆ ಕಡಿಮೆ ಮಾಡಿ. ಅಳಿಸಿದ ಫೈಲ್ ಡಿಸ್ಕಿನಿಂದ ತಕ್ಷಣ ಹೋಗುವುದಿಲ್ಲ, ಆ ಜಾಗ ‘ಖಾಲಿ’ ಅಂತ ಗುರುತಾಗುತ್ತೆ ಅಷ್ಟೆ. ಅದರ ಮೇಲೆ ಹೊಸದು ಬರೆದಾಗಲೇ ನಿಜವಾದ ನಷ್ಟ. ನಮ್ಮಲ್ಲಿ ಆಗೋದೇ ಉಲ್ಟಾ. ಗಾಬರಿಯಲ್ಲಿ ರಿಕವರಿ ಸಾಫ್ಟ್‌ವೇರ್ ಅದೇ ಡ್ರೈವ್‌ಗೆ ಡೌನ್‌ಲೋಡ್ ಮಾಡಿ, ಸಿಗಬೇಕಾದ ಫೈಲಿಗೆ ತಾವೇ ಮಣ್ಣು ಹಾಕ್ತಾರೆ. ಈಗಿನ ಎಸ್‌ಎಸ್‌ಡಿಗಳಲ್ಲಂತೂ ಖಾಲಿ ಜಾಗವನ್ನು ಡ್ರೈವೇ ತಾನಾಗಿ ಒರೆಸಿಬಿಡೋದರಿಂದ ಸಮಯ ಇನ್ನೂ ಕಮ್ಮಿ.

ಸೇವ್ ಮಾಡುವ ಮೊದಲೇ ವರ್ಡ್ ಕೈಕೊಟ್ಟರೆ ಫೈಲ್ ಮೆನುವಿನ ಇನ್ಫೋದಲ್ಲಿ ‘ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್’ ಇದೆ. ಆದರೆ ಆಟೋ ರಿಕವರ್ ಮಾಮೂಲಾಗಿ ಪ್ರತಿ of ಹತ್ತು ನಿಮಿಷಕ್ಕೊಮ್ಮೆ ಮಾತ್ರ ನಕಲು ಇಡುತ್ತೆ. ಆಪ್ಷನ್ಸ್‌ಗೆ ಹೋಗಿ ಒಂದು ನಿಮಿಷಕ್ಕೆ ಇಳಿಸಿ.

ನಮ್ಮ ಡಿಟಿಪಿ ಅಂಗಡಿಗಳಿಗೆ ಇನ್ನೊಂದು ಮಾತು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ‘ರಿಕವರ್ ಟೆಕ್ಸ್ಟ್’ ಮೂಲಕ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಗೀಚು ಕಾಣುತ್ತೆ. ಕೆಟ್ಟಿದೆ ಅಂತ ಎಸೀಬೇಡಿ. ಫಾಂಟ್ ಗುರುತು ಮಾತ್ರ ಕಳಚಿರುತ್ತೆ. ಪೂರ್ತಿ ಆಯ್ಕೆ ಮಾಡಿ ಮತ್ತೆ ನುಡಿ ಫಾಂಟ್ ಹಾಕಿದ್ರೆ ಅಕ್ಷರ ವಾಪಸ್ ಬರುತ್ತೆ.

2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್, ವರ್ಡ್‌ನ ಹೊಸ ಫೈಲುಗಳು ತಾವಾಗೇ ಕ್ಲೌಡ್‌ಗೆ ಹೋಗುವ ವ್ಯವಸ್ಥೆ ಪ್ರಕಟಿಸಿತು. ಕಂಪನಿಗೆ ಇದೇ ಪರಿಹಾರ. ಆದರೆ ಕ್ಲೌಡ್‌ ಜೋಡಣೆ ಅಂದ್ರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ, ಒನ್‌ಡ್ರೈವ್‌ನ ಖಾಸಗಿ ಖಾತೆಯ ಬಿನ್‌ನಲ್ಲಿ ಸಿಗೋದು 30 ದಿನ ಮಾತ್ರ. ಕಂಪ್ಯೂಟರಿಗೆ ಸದಾ ಸಿಕ್ಕಿಸಿರದ ಒಂದು ಪೆನ್‌ಡ್ರೈವ್‌ನಲ್ಲಿ ದಿನದ ಕೆಲಸದ ನಕಲು ಇಟ್ಟವರಿಗೆ ಈ ಲೆಕ್ಕ ಇಲ್ಲ.