ಪೋಲಿ ಹಾಸ್ಯವೂ ಎಳೆಯ ಪ್ರೇಕ್ಷಕರೂ

ದ್ವಂದ್ವಾರ್ಥದ ಮಾತನ್ನೇ ಬಂಡವಾಳವಾಗಿಸಿಕೊಂಡ ಹಾಸ್ಯಚಿತ್ರವೊಂದು ತೆರೆಗೆ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳು ತಪ್ಪದೆ ಏಳುತ್ತವೆ: ಅಂಥದನ್ನು ನಿಷೇಧಿಸಿಬಿಟ್ಟರೆ ಮಕ್ಕಳ ಶೀಲ ತಾನಾಗಿಯೇ ಉಳಿಯುವುದೆಂದು ನಂಬಿದವರದು ಒಂದು; ನಗುವುದಕ್ಕೂ ವಯಸ್ಸಿನ ಕಟ್ಟಳೆ ಏಕೆನ್ನುವವರದು ಇನ್ನೊಂದು. ವಿಜಯಪ್ರಸಾದರ ‘ನೀರ್ ದೋಸೆ’ 2016ರಲ್ಲಿ ಬಂದಾಗಲೂ ‘ಪೆಟ್ರೋಮ್ಯಾಕ್ಸ್’ 2022ರಲ್ಲಿ ಬಂದಾಗಲೂ ಇದೇ ವಾಗ್ವಾದ. ಈ ಉಭಯಪಕ್ಷಗಳೂ ಮೊದಲು ಕೇಳಬೇಕಾದುದನ್ನು ಕೇಳದೆ ಬಿಟ್ಟಿವೆಯೆಂಬುದೇ ನನ್ನ ಆಕ್ಷೇಪಣೆ. ಆ ಮಾತಿನಿಂದ ಹುಟ್ಟುವ ನಗೆ ಯಾರ ಮೇಲೆ ಬೀಳುತ್ತದೆ? ಹದಿಹರೆಯದವರು ಅಂಥ ಚಿತ್ರವನ್ನು ನೋಡಬಹುದೇ ಎಂಬ ನಿರ್ಣಯ ಇದರ ಮೇಲೆ ನಿಲ್ಲತಕ್ಕದ್ದು.

ಹಾಸನ ಜಿಲ್ಲೆಯವರಾದ ನಮಗೆ ಈ ಕಲಹ ಹೊಸದೇನಲ್ಲ. ಅರಕಲಗೂಡನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿಯೇ ಹೊತ್ತಿದ್ದ ಅ.ನ. ಕೃಷ್ಣರಾಯರು ವೇಶ್ಯಾಜೀವನವನ್ನು ವಸ್ತುವಾಗಿ ಎತ್ತಿಕೊಂಡು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳನ್ನು ಬರೆದಾಗ ಅಶ್ಲೀಲ, ಅಶ್ಲೀಲವೆಂಬ ಕೂಗು ನಾಡಿನಲ್ಲೆಲ್ಲ ಎದ್ದಿತು. ಅದಕ್ಕೆ ಸಮಾಧಾನ ಹೇಳಲು ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ರಚಿಸಬೇಕಾಯಿತು. ಆ ಕಾದಂಬರಿಗಳನ್ನು ಎಳೆಯ ಮಗುವಿನ ಕೈಗೆ ಕೊಡಿರೆಂದು ನಾನು ಹೇಳೆನು. ಆದರೆ ಅವುಗಳಲ್ಲಿ ತಲೆ ತಗ್ಗಿಸಬೇಕಾದವಳು ಆ ಹೆಣ್ಣಲ್ಲ, ಅವಳನ್ನು ಕೊಂಡ ಸಮಾಜ. ವಿಷಯ ಎಷ್ಟೇ ಕಠೋರವಾಗಿದ್ದರೂ ಲೇಖಕನ ಸಹಾನುಭೂತಿ ಎಲ್ಲಿದೆಯೆಂಬುದರಲ್ಲಿ ಸಂದೇಹವಿಲ್ಲ. ತೆರೆಯ ಮೇಲೂ ಹೀಗೆಯೇ: ಕಾಶೀನಾಥರ ‘ಅನುಭವ’ ಚಿತ್ರ 1984ರಲ್ಲಿ, ದಾಂಪತ್ಯವೆಂದರೇನೆಂದು ಅರಿಯದ ಎಳೆಯ ಹುಡುಗಿಯ ವಿವಾಹವನ್ನು ಕಥೆಯಾಗಿಸಿ, ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ವಿಷಯವನ್ನು ಪೇಟೆಯ ನಡುವೆ ತಂದು ನಿಲ್ಲಿಸಿತು. ಹದಿನಾರು ದಾಟಿದ ಮಗ ಮಗಳೊಡನೆ ತಂದೆತಾಯಿಗಳು ಅದನ್ನು ಕುಳಿತು ನೋಡಿ, ಬಳಿಕ ಮಾತನಾಡಬಹುದೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇದಕ್ಕೆ ಪ್ರತಿಯಾಗಿ, ಬೇಸಿಗೆ ಶಿಬಿರವನ್ನೇ ರಂಗಸ್ಥಳವಾಗಿಸಿಕೊಂಡ ಉತ್ತರ ಅಮೆರಿಕದ ಪೋಲಿ ಹಾಸ್ಯಚಿತ್ರಗಳನ್ನು ನೋಡಿರಿ. ‘ಮೀಟ್‌ಬಾಲ್ಸ್’ ಎಂಬ ಚಿತ್ರ 1979ರಲ್ಲಿ ಗೆದ್ದ ಮೇಲೆ ಈ ಜಾತಿಯವು ಹಲವು ಬಂದವು. ಹುಡುಗಿಯರ ಬಿಡಾರವನ್ನು ಇಣುಕಿ ನೋಡುವುದು ಅವುಗಳಲ್ಲಿ ಸವೆದುಹೋದ ಹಾಸ್ಯಪ್ರಸಂಗ. ಇಂದು ಚನ್ನರಾಯಪಟ್ಟಣದ ಹುಡುಗನೊಬ್ಬ ಏಪ್ರಿಲ್ ರಜೆಯಲ್ಲಿ ತಾತನ ಮನೆಯ ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಅವುಗಳನ್ನು ನೋಡಬಲ್ಲನು. ತನ್ನನ್ನು ನೋಡುತ್ತಿದ್ದಾರೆಂದು ತಿಳಿಯದ ಹೆಣ್ಣು ನಗೆಪಾಟಲಿಗೆ ಗುರಿ, ಕದ್ದು ನೋಡಿದವನು ಜಾಣ: ಈ ಪಾಠ ಯಾವ ವಯಸ್ಸಿನವರಿಗೂ ತಕ್ಕುದಲ್ಲ, ಹದಿಮೂರರವರಿಗಂತೂ ವಿಷಪ್ರಾಯ. ನಮ್ಮ ಜಿಲ್ಲೆಗೆ ಇದನ್ನು ಹೇಳಲು ವಿಶೇಷ ಕಾರಣವುಂಟು. 2024ರ ಏಪ್ರಿಲಿನಲ್ಲಿ, ಲೋಕಸಭೆಯ ಮತದಾನಕ್ಕೆ ಮುನ್ನ, ಸ್ತ್ರೀಯರ ಮಾನಭಂಗದ ದೃಶ್ಯಗಳನ್ನು ತುಂಬಿದ ಪೆನ್‌ಡ್ರೈವ್‌ಗಳು ಹಾಸನದಲ್ಲಿ ಹರಡಿದವು. ಆ ದೃಶ್ಯಗಳು ಕೈಯಿಂದ ಕೈಗೆ, ಮೊಬೈಲಿನಿಂದ ಮೊಬೈಲಿಗೆ ಹೋದವು. ಅವುಗಳನ್ನು ಮುಂದಕ್ಕೆ ಕಳುಹಿಸಿದ ಪ್ರತಿಯೊಬ್ಬನೂ ಆ ಹೆಂಗಸರಿಗೆ ಎರಡನೆಯ ಬಾರಿ ಅಪಚಾರ ಮಾಡಿದನು. ಇಣುಕುವುದನ್ನು ವಿನೋದವೆಂದು ಕಲಿತ ಕಣ್ಣಿಗೆ ಅಪಚಾರವೂ ವಿನೋದವಾಗಿಯೇ ಕಾಣುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. ಚಲನಚಿತ್ರ ಪ್ರದರ್ಶನಕ್ಕೆ ಪೂರ್ವಪರಿಶೀಲನೆ ಸಂವಿಧಾನಬದ್ಧವೆಂದು ಸರ್ವೋಚ್ಚ ನ್ಯಾಯಾಲಯ ಕೆ.ಎ. ಅಬ್ಬಾಸರ ಮೊಕದ್ದಮೆಯಲ್ಲಿ 1970ರಲ್ಲಿಯೇ ತೀರ್ಮಾನಿಸಿತು; 1983ರಲ್ಲಿ ‘ಯು’ ಮತ್ತು ‘ಎ’ ಪ್ರಮಾಣಪತ್ರಗಳ ನಡುವೆ ‘ಯುಎ’ ಸೇರಿತು; 2023ರ ತಿದ್ದುಪಡಿ ಅದನ್ನು 7, 13, 16 ವರ್ಷಗಳೆಂಬ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಓಟಿಟಿಗಳಿಗೂ 2021ರ ನಿಯಮಗಳು ಇಂಥದೇ ವಿಂಗಡಣೆಯನ್ನು ವಿಧಿಸಿ, 13ರ ಮೇಲಿನದಕ್ಕೆ ಬೀಗದ ಏರ್ಪಾಡಿರಬೇಕೆಂದಿವೆ. ಆದರೆ ‘ಯುಎ’ಯ ಅಂಕಿ ಪೋಷಕರಿಗೆ ಕೊಟ್ಟ ಸೂಚನೆ, ಮಗುವನ್ನು ಬಾಗಿಲಲ್ಲಿ ತಡೆಯುವ ಆಜ್ಞೆಯಲ್ಲ. ಸರ್ಕಾರ ಬುದ್ಧಿಪೂರ್ವಕವಾಗಿ ಪೋಷಕರಿಗೆ ಬಿಟ್ಟ ತೀರ್ಮಾನವನ್ನು ನಾವು ಮೊಬೈಲಿಗೆ ಬಿಟ್ಟುಕೊಟ್ಟು, ಆಮೇಲೆ ಸೆನ್ಸಾರ್ ಮಂಡಳಿಯನ್ನು ದೂರುತ್ತಿದ್ದೇವೆ.

ನನ್ನನ್ನು ಇನ್ನೂ ಹೆಚ್ಚು ನೋಯಿಸುವುದು ನಮ್ಮದೇ ಬೇಸಿಗೆ ಶಿಬಿರಗಳ ಸಮಾರೋಪ. ಹಾಡು, ಮಣ್ಣಿನ ಗೊಂಬೆ, ಕಿರುನಾಟಕಗಳನ್ನು ಕಲಿತ ಮಕ್ಕಳನ್ನೇ ಕಡೆಯ ದಿನ ವೇದಿಕೆಗೆ ಹತ್ತಿಸಿ, ದೊಡ್ಡವರ ಶೃಂಗಾರದ ಸಿನಿಮಾ ಹಾಡಿಗೆ ಸೊಂಟ ಕುಣಿಸಲು ಹೇಳಿ, ತಂದೆತಾಯಿಗಳೇ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವ ದೃಶ್ಯ ಎಷ್ಟು ಕಡೆ ಕಾಣುವುದಿಲ್ಲ! ಪೋಲಿ ಚಿತ್ರವನ್ನು ನಿಷೇಧಿಸಿರೆಂದು ಕೂಗುವ ಹಕ್ಕು ಆ ಚಪ್ಪಾಳೆಯೊಡನೆಯೇ ಕಳೆದುಹೋಗುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಿಬಿರ ನಡೆಸುವ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟು: ಸಮಾರೋಪದ ಹಾಡುಗಳ ಸಾಹಿತ್ಯವನ್ನು ಮೊದಲು ನೀವೇ ಓದಿರಿ, ಪೋಷಕರಿಗೂ ಓದಲು ಕೊಡಿರಿ. ಚಿತ್ರಮಂದಿರದವರು ‘ಎ’ ಚಿತ್ರಕ್ಕೆ ಬಂದ ಹುಡುಗರ ವಯಸ್ಸನ್ನು ವಿಚಾರಿಸದೆ ಟಿಕೆಟ್ ಕೊಡದಿರಲಿ. ತಂದೆತಾಯಿಗಳು ಮಕ್ಕಳ ಮೊಬೈಲಿಗೆ ವಯಸ್ಸಿನ ಬೀಗವನ್ನು ಇಂದೇ ಹಾಕಲಿ.