ಪಟ್ಟಿ ಎತ್ತಿದರೆ ಮುಗಿಯಿತೇ?

ನಮ್ಮ ಕಡೆ ಮಿರಜಕ್ಕೆ ಹೊಂಟೀವಿ ಅಂದರೆ ಸಾಕು, "ಯಾರಿಗೆ ಆರಾಮಿಲ್ಲ?" ಎಂದು ಕೇಳುತ್ತಾರೆ. ಡಾ. ವಾನ್ಲೆಸ್ 1894ರಲ್ಲಿ ಮಿಷನ್ ದವಾಖಾನೆ ಕಟ್ಟಿದ ಊರು ಅದು. ಅಥಣಿ, ಜತ್ತ, ವಿಜಯಪುರದ ಮಂದಿ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಲೇ ಇದ್ದಾರೆ. ಸಾಂಗಲಿ, ಮಿರಜ ನಡುವಿನ ವಾನ್ಲೆಸ್‌ವಾಡಿಯ ಹೆಸರೂ ಅವರದೇ.

ನಮ್ಮ ಶಾಲೆಯ ಅಕ್ಕೋರೊಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾಗಿದ್ದೂ ಮಿರಜದಲ್ಲೇ. ನಾವು ಸುಮ್ಮನೆ ಕೂರಲಿಲ್ಲ. ಪಟ್ಟಿ ಎತ್ತಿದೆವು. ಕಿಮೊ ಇದ್ದ ದಿನ ಒಬ್ಬರು ಜೊತೆಗೆ ಹೋದರು, ಇನ್ನೊಬ್ಬರು ರೊಟ್ಟಿ ಗಂಟು ಕಳಿಸಿದರು. ಅವರ ನಾಲ್ಕನೇ ತರಗತಿಯನ್ನು ನನ್ನ ಮೂರನೇ ತರಗತಿಯ ಜೊತೆ ಒಂದೇ ಖೋಲಿಯಲ್ಲಿ ಕೂರಿಸಿಕೊಂಡೆ. ಭೇಟಿಗೆ ಬಂದ ಸಾಹೇಬರು ನೋಡಿ ಖುಷಿಪಟ್ಟರು. "ನೀವೆಲ್ಲಾ ಒಂದ ಮನೀ ಮಂದಿ ಇದ್ದಂಗ ಅದೀರಿ ಬಿಡ್ರಿ!"

ನನಗೆ ಸಿಟ್ಟು ಬಂದಿದ್ದು ಅಲ್ಲೇ. ಹೊಗಳಿಕೆ ಬಂತು, ಬದಲಿ ಶಿಕ್ಷಕರು ಬರಲಿಲ್ಲ. ಮರಾಠಿ ಶಾಲೆಯಿಂದ ಒಬ್ಬರನ್ನು ಕಳಿಸಿದರೂ ಕನ್ನಡದ ಮಕ್ಕಳಿಗೆ ಏನು ಉಪಯೋಗ? ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ 2024ರಲ್ಲಿ ಮರಾಠಿ ಶಿಕ್ಷಕರನ್ನು ನೇಮಿಸಿದಾಗ ಎದ್ದ ಗದ್ದಲ ನೆನಪಿರಬೇಕು. ನಮ್ಮಲ್ಲಿ ಒಬ್ಬರು ಮಲಗಿದರೆ ಮಕ್ಕಳ ಒಂದು ವರ್ಷವೂ ಮಲಗುತ್ತದೆ.

ಇನ್ನು ರಜೆಯ ಲೆಕ್ಕ ನೋಡಿ. ವರ್ಷಕ್ಕೆ 20 ದಿನ ಅರ್ಧ ಪಗಾರದ ರಜೆ. ಪೂರ್ತಿ ಪಗಾರ ಬೇಕೆಂದರೆ ಅದು 10 ದಿನವಾಗುತ್ತದೆ. ಮೂರು ವಾರಕ್ಕೊಂದರಂತೆ ಆರು ಕಿಮೊ ಎಂದರೆ ನಾಲ್ಕು ತಿಂಗಳು. ಅದರ ಮೇಲೆ ಆಪರೇಶನ್, ರೇಡಿಯೇಶನ್. ಔಷಧದ ಬಿಲ್ಲು ಮೊದಲು ನಾವು ಕಟ್ಟಬೇಕು, ಆಮೇಲೆ ಮಂಜೂರಿಗಾಗಿ ಕಾಯಬೇಕು.

ಮಹಾರಾಷ್ಟ್ರದ 1981ರ ರಜಾ ನಿಯಮಗಳಲ್ಲಿ ಕ್ಷಯ, ಕ್ಯಾನ್ಸರ್, ಕುಷ್ಠ, ಪಾರ್ಶ್ವವಾಯುವಿಗೆ ವಿಶೇಷ ರಜೆ ಇದೆ. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಐದುನೂರರ ನೋಟು ಕೊಟ್ಟು ಹಗುರಾದೆವೇ ಹೊರತು ನಿಯಮದ ಪುಸ್ತಕ ತೆಗೆದು ಅರ್ಜಿ ಬರೆದುಕೊಡಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು 1988ರ ಕಾಯ್ದೆಯಿಂದಾಗಿ ತಮ್ಮ ಉಳಿದ ರಜೆಯನ್ನೇ ಕಾಯಿಲೆ ಬಿದ್ದ ಜೊತೆಗಾರರಿಗೆ ದಾನ ಮಾಡಬಹುದು. ನಮ್ಮಲ್ಲಿ ದುಡ್ಡು ಕೊಡಬಹುದು, ದಿನ ಕೊಡುವ ಹಾಗಿಲ್ಲ. ಶಿಕ್ಷಕರ ಸಂಘಗಳು ಇದನ್ನು ಯಾವಾಗ ಕೇಳುತ್ತವೆ?

"ಒಬ್ಬರಿಗೊಬ್ಬರು ಆಗೂದಕ್ಕ ಕಾಯ್ದೆ ಯಾಕ್ರಿ ಸರ್? ಮನಸ್ಸಿದ್ದರ ಸಾಕು" ಎಂದರು ಗೆಳೆಯರೊಬ್ಬರು. ಅವರಿಗೆ ನನ್ನ ಉತ್ತರ ಇದು.

ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಖಿಚಡಿ ಮಾಡುವ ಬಾಯಿ ಜಡ್ಡಿಗೆ ಬಿದ್ದರು. ಅವರದು ಪಗಾರವಲ್ಲ, ಮಾನಧನ. ರಜೆ ಎಂಬುದೇ ಇಲ್ಲ. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಆಸ್ಪತ್ರೆಗೆ ರೇಶನ್ ಕಾರ್ಡು ಹಿಡಿದು ಹೋಗಿ ಅಲ್ಲಿನ ಆರೋಗ್ಯಮಿತ್ರರನ್ನು ಕಾಣಬೇಕಿತ್ತು, ಅಷ್ಟೇ. ಯಾರು ಹೋದರು ಅವರ ಜೊತೆ? ಯಾರೂ ಇಲ್ಲ. ಅವರಿಗಾಗಿ ಯಾರೂ ಪಟ್ಟಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎಂಟು ದಿನದಲ್ಲಿ ಬೇರೆ ಬಾಯಿ ಬಂದರು, ಖಿಚಡಿ ನಿಲ್ಲಲಿಲ್ಲ, ನಾವೂ ತಿಂದೆವು.

ಅಕ್ಕೋರು ನಮಗೆ ಬೇಕಾದವರು, ನಮ್ಮ ಪಂಕ್ತಿಯವರು, ಅವರ ವಿಷಯದಲ್ಲಿ ಮನಸ್ಸು ಕರಗಿತು. ಖಿಚಡಿ ಬಾಯಿಯೂ ಅದೇ ಶಾಲೆಯಲ್ಲಿ ದುಡಿದವರು, ಅವರ ವಿಷಯದಲ್ಲಿ ಕರಗಲಿಲ್ಲ. ಮನಸ್ಸನ್ನು ನಂಬಿದರೆ ಆಗುವುದು ಇದೇ. ಮನಸ್ಸು ಮುಖ ನೋಡುತ್ತದೆ ಸ್ವಾಮಿ, ಕಾಯ್ದೆ ನೋಡಬಾರದು.

ಪಟ್ಟಿ ಎತ್ತಬೇಡಿ ಎನ್ನುತ್ತಿಲ್ಲ. ಎತ್ತಿ, ರೊಟ್ಟಿಯನ್ನೂ ಕಳಿಸಿ. ಜೊತೆಗೆ ಬದಲಿ ಕನ್ನಡ ಶಿಕ್ಷಕರನ್ನು ಕೊಡಿ ಎಂದು ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ. ಖಿಚಡಿ ಬಾಯಿಗೂ ಸಂಬಳದ ರಜೆ ಬೇಕೆಂದು ಅದರಲ್ಲೇ ಬರೆಯಿರಿ. ನಿಮ್ಮ ಶಾಲೆಯಲ್ಲಿ ಯಾರಿಗೆ ಪಟ್ಟಿ ಎತ್ತಿದ್ದೀರಿ, ಯಾರಿಗೆ ಎತ್ತಿಲ್ಲ? ಒಮ್ಮೆ ನೆನಪು ಮಾಡಿಕೊಳ್ಳಿ.