ವಾಲಿದ ದಪ್ಪಕ್ಷರ
ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ ನಾಗರಹೊಳೆ ಕಾಡಿನೊಳಗೆ ಸಾಗುವ ರಸ್ತೆ ಬಾವಲಿಯಲ್ಲಿ ಕೇರಳ ಸೇರುತ್ತದೆ. ಇಂಥ ಗಡಿದಾರಿಯಲ್ಲಿ ಬೋರ್ಡಿನ ಕನ್ನಡ ಓಡುವ ಬಸ್ಸಿನಿಂದಲೂ ಓದುವಂತಿರಬೇಕು. ಇಂಗ್ಲಿಷಿನಲ್ಲಾದರೆ ತುದಿಗೆರೆಗಳಿಲ್ಲದ (ಸ್ಯಾನ್ಸ್ ಸೆರಿಫ್), ಬಲಕ್ಕೆ ವಾಲಿದ ದಪ್ಪ ಅಕ್ಷರ ವೇಗ ಸೂಚಿಸುತ್ತದೆ; ಟ್ರಾವೆಲ್ಸ್ ಬಸ್ಸು, ಆಟದ ಜೆರ್ಸಿ, ರಿಯಾಯಿತಿ ಬ್ಯಾನರಿಗೆ ಒಪ್ಪುತ್ತದೆ. ಆದರೆ ಕನ್ನಡಕ್ಕೆ ಇಂಥ ಓರೆ ಅಕ್ಷರದ (ಇಟಾಲಿಕ್) ಪರಂಪರೆಯಿಲ್ಲ. ಕಂಪ್ಯೂಟರಿನಲ್ಲಿ ಸುಮ್ಮನೆ ಓರೆಯಾಗಿಸಿದರೆ ತಲೆಕಟ್ಟು ಬಲಕ್ಕೆ, ಒತ್ತಕ್ಷರ ಎಡಕ್ಕೆ ಜರುಗುತ್ತದೆ. ಮನಬಂದಂತೆ ದಪ್ಪವಾಗಿಸಿದರೆ ‘ಥ’ದ ಚುಕ್ಕಿ, ‘ಧ’ದ ಸೀಳು ಮುಚ್ಚಿ ‘ಥ’, ‘ಧ’, ‘ದ’ಗಳ ನಡುವಿನ ವ್ಯತ್ಯಾಸ ಮಾಸುತ್ತದೆ. 2022ರಲ್ಲಿ ಅಕ್ಷರ ವಿನ್ಯಾಸ ಸಂಸ್ಥೆ ಏಕ್ ಟೈಪ್ ಹೊರತಂದ ‘ಅನೇಕ್ ಕನ್ನಡ’ ಫಾಂಟಿನಲ್ಲಿ ದಪ್ಪ, ಅಗಲ ಎರಡನ್ನೂ ನಮ್ಮ ಲಿಪಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಅಷ್ಟೇ ಮುತುವರ್ಜಿಯಿಂದ ಓರೆ ಅಕ್ಷರವನ್ನೂ ಒಂದೊಂದಾಗಿ ತಿದ್ದಿ ಬರೆಯುವ ವಿನ್ಯಾಸಕಾರರು ಕನ್ನಡಕ್ಕೆ ಬೇಕು; ಅವರಿಗೆ ತಕ್ಕ ಸಂಭಾವನೆ ಕೊಡುವ ಪ್ರಕಾಶಕರೂ ಬೇಕು.